ಹಸಿರು ಸೀರೆಯ ಮುಂದೆ ಒಂದು ತಾಟು

ಕಳೆದ ರವಿವಾರ ನನ್ನ ಹೆಂಡತಿ ತೀರಿಕೊಂಡಳು. ಸೋಮವಾರ ಬೆಳಿಗ್ಗೆ ಅವಳೇ ಫೋನ್ ಮಾಡಿ, "ನಾ ಇನ್ನೂ ಅದೀನ್ರೀ" ಅಂದಳು.

ಗಾಬರಿಯಾಗಬೇಡಿ. (ನನಗಂತೂ ಆಯಿತು.) ಅವಳು ನನ್ನನ್ನು ಬಿಟ್ಟು ಮುಧೋಳಕ್ಕೆ ಹೋಗಿ ಆರು ವರ್ಷವಾಯಿತು. ಅಂದಿನಿಂದ ಇದು ಮೊದಲ ಫೋನ್.

ಆದದ್ದಿಷ್ಟು. ರವಿವಾರ ಬೇಸರ ಕಳೆಯಲು ಬಣ್ಣದ ಡಬ್ಬಿ ತೆಗೆದೆ. ಯಾರದಾದರೂ ಮುಖ ಬರೆಯೋಣವೆಂದರೆ ಎದುರಿಗೆ ಕೂರುವವರು ಯಾರಿದ್ದಾರೆ? ಸರಿ, ಸ್ಟಿಲ್ ಲೈಫ್ ಬರೆಯೋಣ ಅಂದುಕೊಂಡೆ. ಖಾನಾವಳಿಯಿಂದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ತಂದು ತಾಟಿನಲ್ಲಿ ಚಂದ ಜೋಡಿಸಿದೆ. ಪಕ್ಕದಲ್ಲಿ ನೀರಿನ ತಂಬಿಗೆ. ಹಿಂದೆ ಏನಾದರೂ ಬಣ್ಣ ಬೇಕಲ್ಲ? ಕಪಾಟಿನಲ್ಲಿ ಒಂದು ಹಸಿರು ಸೀರೆಯಿತ್ತು. ನಮ್ಮ ರಬಕವಿಯದೇ ಕೈಮಗ್ಗದ್ದು. ಅವಳಿಗೆಂದು ತಂದಿದ್ದೆ. ಮಡಿಕೆ ಕೂಡ ಬಿಚ್ಚದೆ ಬಿಟ್ಟುಹೋಗಿದ್ದಳು. ಅದನ್ನೇ ತಾಟಿನ ಹಿಂದೆ ಇಟ್ಟೆ.

ಸಂಜೆ ಪಕ್ಕದ ಮನೆಯ ನೀಲವ್ವ ಮಜ್ಜಿಗೆ ಕೊಡಲು ಬಂದವಳು ಹೊಸ್ತಿಲಲ್ಲೇ ನಿಂತಳಂತೆ. ನಮ್ಮ ಕಡೆ ತೀರಿಕೊಂಡ ಹೆಣ್ಣುಮಗಳಿಗೆ ಹೊಸ ಸೀರೆ ಇಟ್ಟು, ಮುಂದೆ ಎಡೆ ಇಡುತ್ತಾರೆ. ಇಲ್ಲಿ ಹೊಸ ಸೀರೆಯಿದೆ, ತುಂಬಿದ ತಾಟಿದೆ, ಮುಂದೆ ತಲೆ ತಗ್ಗಿಸಿ ಕೂತ ಗಂಡಸಿದ್ದಾನೆ. ಕೇಳುವುದೇನು? ಸದ್ದಿಲ್ಲದೆ ಹೊರಟುಹೋದಳು. ನೀಲವ್ವನ ತವರೂ ಮುಧೋಳವೇ. ಅಲ್ಲಿರುವ ತಂಗಿಗೆ ಸುದ್ದಿ ಮುಟ್ಟಿಸಿದಳು.

"ನೀಲವ್ವನ ತಂಗಿ ಅಳಕೋತ ಮಾತಾಡಸಾಕ ಬಂದಿದ್ಳು," ಅಂದಳು ಹೆಂಡತಿ. "ಬಾಗಲಾ ತಗದಾಕಿ ನಾನ! ಪಾಪ, ಆಕಿ ಅಳೂದ ನಿಂತ್ಹೋತು. ನನಗ ಎಡಿ ಇಟ್ಟೀರಂತ?"

"ಎಡಿ ಅಲ್ಲ. ಚಿತ್ರಾ ತಗ್ಯಾಕತ್ತಿದ್ದೆ. ಸ್ಟಿಲ್ ಲೈಫ್."

"ಹಂಗಂದ್ರ?"

"ಸಾಮಾನ ಇಟ್ಟು, ನೋಡಿ ಬರಿಯೂದು."

"ಅದ್ರಾಗ ಮನಶ್ಯಾರು ಇರಂಗಿಲ್ಲೇನು?"

"ಇರಂಗಿಲ್ಲ."

ಖರೆ ಹೇಳಬೇಕೆಂದರೆ ಆರು ವರ್ಷದಿಂದ ನನ್ನ ಮನೆಯೂ ಹಾಗೇ ಇದೆ. ಸಾಮಾನು ಇಟ್ಟಲ್ಲೇ ಇವೆ. ಅವುಗಳ ಮೇಲೆ ಬೀಳುವ ಬೆಳಕು ಬದಲಾಗುತ್ತದೆ, ಅಷ್ಟೆ. ಚಿತ್ರಕ್ಕೆಂದು ಅಷ್ಟು ಪ್ರೀತಿಯಿಂದ ತಾಟು ಬಡಿಸಿದ ನಾನು ನನಗಾಗಿ ಒಂದು ದಿನವಾದರೂ ಹಾಗೆ ಬಡಿಸಿಕೊಂಡಿದ್ದೇನೆಯೇ? ಅಂದು ನಾನು ತಿಂದದ್ದು ಚುರುಮುರಿ, ಅದೂ ನಿಂತುಕೊಂಡು.

ಆಮೇಲೆ ಅವಳು ಮೆಲ್ಲಗೆ ಕೇಳಿದಳು: "ಆ ತಾಟು ಆಮ್ಯಾಲ ನೀವರ ಉಂಡ್ರಿಲ್ಲೊ?"

"ಊಟ ಆತೇನ್ರಿ?" ಎಂದು ನಮ್ಮ ಓಣಿಯಲ್ಲಿ ಎಲ್ಲರೂ ಕೇಳುತ್ತಾರೆ, ಕೇಳುತ್ತಲೇ ಮುಂದೆ ಹೋಗುತ್ತಾರೆ. ಇವಳು ಫೋನ್ ಇಡಲಿಲ್ಲ. ಕಾದಳು.

ತಾಟು ಇನ್ನೂ ಸೀರೆಯ ಮುಂದೆಯೇ ಇತ್ತು. ರೊಟ್ಟಿ ಒಣಗಿ ಸೆಟೆದಿತ್ತು.

"ಉಂಡೆ," ಅಂದೆ.

"ಛಲೋ ಆತು," ಅಂದು ಫೋನ್ ಇಟ್ಟಳು.

ಉತ್ತರಕ್ಕೆ ಕಾಯುವವರು ಕೊನೆಗೂ ಒಬ್ಬರು ಸಿಕ್ಕಾಗ ನಾವೇಕೆ ಸುಳ್ಳು ಹೇಳುತ್ತೇವೆ?