ಹೊಳೆಗೆ ಅರಿಶಿನ ಕುಂಕುಮ

ನಿವೃತ್ತಿಯಾದ ಮೇಲೆ ಎಣ್ಣೆಬಣ್ಣದ ಚಿತ್ರ ಕಲಿಯಲು ಇಟ್ಟಮಡುವಿನ ಒಂದು ಮನೆಯ ಮಹಡಿಗೆ ಹೋಗತೊಡಗಿದೆ. ಕಲಿಸುವವಳು ನನ್ನ ಮಗಳ ವಯಸ್ಸಿನ ಹುಡುಗಿ. ನನಗೆ ಅವಳು ಮೇಡಂ, ಅವಳಿಗೆ ನಾನು ಆಂಟಿ. ಮೊದಲು ಹಳೆಯ ದೊಡ್ಡ ಚಿತ್ರವೊಂದನ್ನು ನಕಲು ಮಾಡಬೇಕು, ಸ್ವಂತದ್ದೆಲ್ಲ ಆಮೇಲೆ ಎಂಬುದು ಅವಳ ಕಟ್ಟಪ್ಪಣೆ. ನನ್ನ ಪಾಲಿಗೆ ಬಂದದ್ದು ರೊಮ್ಯಾಂಟಿಕ್ ಕಾಲದ ಯುರೋಪಿನ ನದಿ: ಸಂಜೆಯ ಹೊಂಬೆಳಕು, ಪಾಳುಬಿದ್ದ ಸೇತುವೆ, ಮಂಜಿನೊಳಗೆ ಬಾಗಿ ಮರೆಯಾಗುವ ನೀರು.

ಮರ ಬಂತು, ಸೇತುವೆ ಬಂತು. ನೀರು ಮಾತ್ರ ಬರಲೊಲ್ಲದು. ನಮ್ಮ ಮನೆಯವರು ನನ್ನ ಮೊಬೈಲಿನಲ್ಲಿ ಚಿತ್ರದ ಫೋಟೋ ನೋಡಿ, "ಬನಶಂಕರಿ ರಿಂಗ್ ರೋಡು ಸಖತ್ತಾಗಿ ಬಂದಿದೆ ಕಣೇ, ಒಂದು ಬಸ್ಸೂ ಬಿಟ್ಬಿಡು" ಎಂದರು. ಸಿಟ್ಟು ನೆತ್ತಿಗೇರಿತು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನಾನು ಬ್ರಷ್ಷನ್ನು ಬೈದು ಹೊಸದು ತಂದೆ. ರಸ್ತೆ ಇನ್ನೂ ಅಗಲವಾಯಿತು.

"ಆಂಟಿ, ನೀರಿಗೆಲ್ಲಿದೆ ಸ್ವಂತ ಬಣ್ಣ? ಮೇಲಿರೋ ಆಕಾಶಾನೇ ಕೆಳಗೂ ಹಾಕಿ" ಎಂದಳು ಮೇಡಂ. "ತೆಳ್ಳಗೆ ಒಂದು ಪದರ. ಅದು ಒಣಗಿದ್ಮೇಲೆ ಇನ್ನೊಂದು."

ಎಣ್ಣೆಬಣ್ಣ ಒಣಗುವುದೆಂದರೆ ದಿನಗಟ್ಟಲೆ. ಕುಕ್ಕರಿನ ಮೂರನೇ ಸೀಟಿಗೂ ಕಾಯದವಳು ನಾನು. ದಸರೆಯೊಳಗೆ ಇದು ನೀರಾಗದಿದ್ದರೆ ಬಣ್ಣಗಳನ್ನೆಲ್ಲ ಎತ್ತಿಟ್ಟುಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮೇಲೆ ಹೆದರಿಕೆಯಾಯಿತು. ಆ ಕೆಲಸ ಅಷ್ಟು ಇಷ್ಟವಾಗಿಬಿಟ್ಟಿತ್ತು. ಹಾಗಾಗಿ ಕಾದೆ, ಪದರದ ಮೇಲೆ ಪದರ ಬಳಿದೆ.

ಹಬ್ಬಕ್ಕೆ ಕ್ಲಾಸಿಗೆ ರಜೆ ಬಂತು. ಕೊನೆಯ ಪದರ ಹಸಿಯಾಗಿರುವಾಗಲೇ ಚಿತ್ರವನ್ನು ಜಯನಗರದ ಮನೆಗೆ ತಂದು ಹಾಲ್‌ನ ಗೋಡೆಗೆ ಒರಗಿಸಿಟ್ಟೆ. ಅದು ನೀರೋ ರಸ್ತೆಯೋ ಎಂದು ಯಾರನ್ನೂ ಕೇಳುವ ಧೈರ್ಯವಾಗಲಿಲ್ಲ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಅತ್ತೆಯದೇ ದರ್ಬಾರು. ಸ್ಕೂಟರು, ಮಿಕ್ಸಿ, ಕತ್ತರಿ, ಕೊನೆಗೆ ಟಿವಿ ರಿಮೋಟಿಗೂ ಕುಂಕುಮ. ನನ್ನ ಬ್ರಷ್ಷುಗಳನ್ನೂ ತೊಳೆದು, ಚಿತ್ರದ ಮುಂದೆ ಸಾಲಾಗಿ ಜೋಡಿಸಿಟ್ಟಿದ್ದೆ. ಒಬ್ಬಟ್ಟು ಬೇಯಿಸಿಟ್ಟು ಹೊರಗೆ ಬಂದು ನೋಡಿದರೆ, ಹಸಿ ಬಣ್ಣದ ಮೇಲೆ, ನದಿಯ ನಟ್ಟನಡುವೆ, ಅರಿಶಿನ ಕುಂಕುಮ ಮೆತ್ತಿಕೊಂಡಿದೆ!

"ಅತ್ತೆ! ಏನ್ಮಾಡ್ಬಿಟ್ರಿ? ಹಸಿ ಇದೆ, ಮುಟ್ಬೇಡಿ ಅಂದಿರ್ಲಿಲ್ವಾ?"

"ಮುಟ್ಟಿಲ್ಲಮ್ಮ, ಮೇಲಿಂದ ಹಾಕ್ದೆ. ಎದುರಿಗೇ ಹೊಳೆ ಹರೀತಿದೆ. ಗಂಗಮ್ಮಂಗೆ ಅರಿಶಿನ ಕುಂಕುಮ ಹಾಕದೆ ಹಾಗೇ ಎದ್ದು ಬರೋಕಾಗುತ್ತಾ?"

"ಅದು ಯಾವ್ದೋ ಯುರೋಪಿನ ಹೊಳೆ ಅತ್ತೆ!"

"ಯಾವ ದೇಶದ್ದಾದ್ರೇನು? ನೀರು ನೀರೇ ಅಲ್ವಾ?"

ಕುಂಕುಮ ಕೆರೆಯಲು ಹೊರಟವಳು ಅಲ್ಲೇ ನಿಂತೆ. ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಏನ್ರೀ, ಬನ್ರೀ ಇಲ್ಲಿ, ಅತ್ತೆ ನೀರು ಅಂದ್ರು!" ಎಂದು ಕೂಗಿದೆ. ನಗು, ಅಳು ಎರಡೂ ಒಟ್ಟಿಗೇ ಬಂದು, ಸಂತೋಷ ತಡೆಯಲಾರದೆ ಬಗ್ಗಿ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದೆ. ಹಬ್ಬದ ನಮಸ್ಕಾರವೆಂದುಕೊಂಡು ಅವರು ತಲೆಯ ಮೇಲೆ ಅಕ್ಷತೆ ಹಾಕಿದರು.