ಅಕ್ಕೋರು ಕಲಿತ ಡಚ್ಚು

ಯಾರಾದರೂ ಮಾತಾಡುತ್ತಿದ್ದರೆ ಅಕ್ಕೋರ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದೇ ಪದ ಎಣಿಸುತ್ತ ಹೋಗುತ್ತಿತ್ತು. ಕ್ರಿಯಾಪದ ಬಂದೊಡನೆ ಮುಷ್ಟಿ ಮುಚ್ಚಿಕೊಳ್ಳುತ್ತಿತ್ತು. ಉಪ್ಪಿನಬೆಟಗೇರಿಯ ಸರಕಾರಿ ಶಾಲೆಯಲ್ಲಿ ನಮಗೆ ವಾಕ್ಯ ಕಟ್ಟುವುದನ್ನು ಕಲಿಸಿದ ಕೈ ಅದು. ಯಾರಾದರೂ ಪಕ್ಕದವಳಿಗೆ ಉತ್ತರ ಪಿಸುಗುಟ್ಟಿದರೆ ಇಬ್ಬರನ್ನೂ ಎದ್ದು ನಿಲ್ಲಿಸುತ್ತಿದ್ದರು. "ಬಾಜೂದಾಕಿ ಬಾಯಿಂದ ಬಂದದ್ದು ನಿನ್ನ ಉತ್ತರ ಅಲ್ಲ ತಂಗಿ. ತಡಾ ಆದರ ಆಗಲಿ, ನೀನ ಹೇಳು" ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರು ಧಾರವಾಡದಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಮದುವೆಯಾಗಿರಲಿಲ್ಲ. ತಮ್ಮನ ಹೆಂಡತಿಯಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರಿಗೂ ಅವರು ಅಕ್ಕೋರು, ಅಂದರೆ ಟೀಚರು. ನಾನು ಹಾಲೆಂಡಿನಲ್ಲಿ ಎರಡು ವರ್ಷ ಬೀಜಗಳ ಬಗ್ಗೆ ಓದಿ ಬಂದು ಅದೇ ಓಣಿಯಲ್ಲಿ ಮನೆ ಹಿಡಿದಿದ್ದೆ. ಒಂದು ಭಾನುವಾರ ನನ್ನ ಮನೆಗೆ ಬಂದ ಅಕ್ಕೋರು ಚಹಾ ಮುಟ್ಟಲಿಲ್ಲ.

"ನನಗ ಡಚ್ಚ ಕಲಸ್ತಿಯೇನವಾ?"

ನಾನು ನಕ್ಕುಬಿಟ್ಟೆ. "ಇಂಗ್ಲೀಷ ಕಲೀರಿ ಅಕ್ಕೋರ, ಎಲ್ಲಾ ಕಡೆ ನಡೀತದ."

"ಇಂಗ್ಲೀಷ ನಮ್ಮ ಮನ್ಯಾಗ ಎಲ್ಲಾರಿಗೂ ತಿಳೀತದ. ಅದಕ್ಕ ಬ್ಯಾಡ."

ಕಾರಣವನ್ನು ಆಮೇಲೆ ಹೇಳಿದರು. ನನ್ನೊಬ್ಬಳಿಗೇ. ಇನ್ನೂ ಹರೆಯದಲ್ಲಿದ್ದಾಗ ಅವರಿಗೊಂದು ಹೆಣ್ಣುಮಗು ಹುಟ್ಟಿತ್ತು. ಅಪ್ಪ ಅವರನ್ನು ಪುಣೆಯಲ್ಲಿ ಸಂಬಂಧಿಕರ ಮನೆಯಲ್ಲಿಟ್ಟು ಹೆರಿಗೆ ಮಾಡಿಸಿ, ಕೂಸು ಸತ್ತಿತೆಂದು ಹೇಳಿ ಕರೆತಂದಿದ್ದ. ತಮ್ಮ ಆಗ ಚಿಕ್ಕವನು, ಅವನಿಗೆ ಏನೂ ಗೊತ್ತಿಲ್ಲ. ಈಗ ಪುಣೆಯ ದತ್ತು ಕೇಂದ್ರದಿಂದ ಯಾರೋ ಫೋನ್ ಮಾಡಿದ್ದರು. ಆ ಕೂಸು ಸತ್ತಿರಲಿಲ್ಲ. ಹಾಲೆಂಡಿನ ದಂಪತಿಗೆ ದತ್ತು ಹೋಗಿ, ಬೆಳೆದು, ಮಕ್ಕಳ ತಾಯಿಯಾಗಿ, ಹೆತ್ತವಳನ್ನು ಹುಡುಕುತ್ತಿತ್ತು. ಹೆತ್ತವಳೇ ಬೇಡವೆಂದು ಕೊಟ್ಟಳೆಂದು ಅದಕ್ಕೆ ಹೇಳಿದ್ದರಂತೆ.

"ನಾ ಕೊಟ್ಟಿಲ್ಲ ಅಂತ ಆಕಿಗೆ ನಾನ ಹೇಳಬೇಕು. ನಿನ್ನ ಕೈಲೆ ಹೇಳಿಸೂದಲ್ಲ ಇದು" ಎಂದರು.

ಅರವತ್ತು ದಾಟಿದ ನಾಲಿಗೆ. ಡಚ್ಚರ ಆ ಗಂಟಲು ಕೆರೆಯುವ ಖಕಾರಕ್ಕೆ ಅಕ್ಕೋರು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚು ಕಾಡಿಸಿದ್ದು ಕ್ರಿಯಾಪದ. ನಮ್ಮದು ಮರ್ಯಾದೆಯಿಂದ ಕೊನೆಗೆ ಬಂದು ಕೂತುಕೊಳ್ಳುತ್ತದೆ. ಅವರದು ಎರಡನೆಯ ಪದವಾಗಿ ನುಗ್ಗಿಬಿಡುತ್ತದೆ. ಮುಷ್ಟಿ ಮುಚ್ಚಿದ ಮೇಲೂ ಪದಗಳು ಬರುತ್ತಲೇ ಇದ್ದರೆ ಅಕ್ಕೋರು ತಮ್ಮ ಕೈಯನ್ನೇ ಸಿಟ್ಟಿನಿಂದ ನೋಡುತ್ತಿದ್ದರು. ನಡೆದುಹೋದ ಸಂಗತಿ ಹೇಳುವಾಗ ಇನ್ನೂ ಪೇಚಾಟ. "ಅರ್ಧ ಕ್ರಿಯಾಪದ ಬಾಗಲಾಗ, ಇನ್ನರ್ಧ ಹಿತ್ತಲದಾಗ. ನಡುವ ಇಡೀ ಮನಿ! ಹೆಂಗ ಬಾಳೇ ಮಾಡ್ತಾರವಾ ಇವರು?" ಎಂದು ಕೇಳಿದ್ದರು. ಆದರೂ ಬಿಡಲಿಲ್ಲ. ಕೊನೆಗೆ ಒಂದು ಮುಂಜಾನೆ ಎರಡು ವಾಕ್ಯಗಳನ್ನು ತಡವರಿಸದೆ ಹೇಳಿದರು. ನಾನು ಅಡಿಗೆಮನೆಗೆ ಹೋಗಿ ಅತ್ತು ಬಂದೆ.

ಮಗಳು ಬಂದಳು. ತಮ್ಮ ಮನೆಯಲ್ಲೇ ಉಣ್ಣಲಿ ಎಂದು ಅಕ್ಕೋರು ಹೇಳಿದ್ದಕ್ಕೆ, ನನ್ನ ಹಾಲೆಂಡಿನ ಗೆಳತಿಯೆಂದು ಹೇಳಿ ಅವರ ಮನೆಗೆ ಊಟಕ್ಕೆ ಕರೆದುಕೊಂಡು ಹೋದೆ. ಅದೇ ಗಲ್ಲ, ಅದೇ ಹುಬ್ಬು. ಮನೆಯವರಿಗೆ ಕಾಣಲಿಲ್ಲವೇ ಎಂದು ನನಗೆ ಇವತ್ತಿಗೂ ಆಶ್ಚರ್ಯ. ಹೋಳಿಗೆ ಊಟವಾಯಿತು. ಹೊರಡುವಾಗ ತಮ್ಮನ ಹೆಂಡತಿ ತಡೆದಳು. "ಪರದೇಶದಾಕಿ ಆದರೇನಾತು, ಹೆಣ್ಣಮಗಳು. ಖಾಲಿ ಉಡೀಲೇ ಕಳಸಬಾರದ್ರಿ" ಎಂದು ಮಣೆ ಹಾಕಿ ಕೂಡ್ರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಮಡಿಲಲ್ಲಿಟ್ಟು ಅವಳ ಉಡಿ ತುಂಬತೊಡಗಿದಳು. ತವರಿಗೆ ಬಂದ ಮಗಳಿಗೆ ತಾಯಿ ಮಾಡಬೇಕಾದದ್ದು. ಆದರೆ ಉಡಿ ತುಂಬುವವಳು ಮುತ್ತೈದೆಯಾಗಿರಬೇಕು. ಮದುವೆಯಾಗದ ಅಕ್ಕೋರು ಗೋಡೆಗೆ ಆತು ನಿಂತಿದ್ದರು.

ಅಲ್ಲಿಂದಲೇ, ಎಲ್ಲರ ಎದುರಿಗೇ, ಊಟದ ವಿಚಾರ ಕೇಳುವ ದನಿಯಲ್ಲಿ, ಅಕ್ಕೋರು ಡಚ್ಚಿನಲ್ಲಿ ಹೇಳಿಬಿಟ್ಟರು: "ನಾನು ನಿನ್ನನ್ನು ಕೊಡಲಿಲ್ಲ. ನೀನು ಸತ್ತೆ ಎಂದು ನನಗೆ ಹೇಳಿದರು."

"ಏನಂದ್ರಿ ಅಕ್ಕೋರ?" ಎಂದಳು ತಮ್ಮನ ಹೆಂಡತಿ.

"ಹೋಳಗಿ ರುಚಿ ಆಗಿದ್ವೇನು ಅಂತ ಕೇಳಿದ್ನಿ."

ಮಗಳು ಮಣೆಯ ಮೇಲೆ ಕೂತಲ್ಲೇ ಉಡಿಯ ಗಂಟನ್ನು ಎರಡೂ ಕೈಯಿಂದ ಹಿಡಿದು ಬೇಗ ಬೇಗ ಡಚ್ಚಿನಲ್ಲಿ ಏನೋ ಕೇಳಿದಳು. ಅಕ್ಕೋರ ಹೆಬ್ಬೆರಳು ಗೆಣ್ಣುಗಳ ಮೇಲೆ ತಡಕಾಡಿತು. ತಿಳಿಯಲಿಲ್ಲ. ನಕ್ಕು "ಯಾ, ಯಾ" ಎಂದರು. ಹೌದು, ಹೌದು ಎಂದು ಅರ್ಥ. ಮಾತಾಡುವುದನ್ನಷ್ಟೇ ನಾವು ಕಲಿತಿದ್ದೆವು. ಅವಳು ಮರುಮಾತಾಡಿಯಾಳು ಎಂಬುದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.

ಅವಳನ್ನು ರೈಲು ಹತ್ತಿಸಿ ಬಂದು, ಅವಳು ಕೇಳಿದ್ದು ಇದು ಎಂದು ಹೇಳಲು ಬಾಯಿ ತೆರೆದೆ. ಅಕ್ಕೋರು ಕೈ ಅಡ್ಡ ಮಾಡಿದರು.

"ಹೇಳಬ್ಯಾಡ. ನನ್ನ ಕಿವಿಲೇ ಕೇಳಿ ತಿಳ್ಕೋತೇನಿ. ಮುಂದಿನ ವರ್ಷ ಬರ್ತಾಳಲ್ಲ?"

"ಮುಂದಿನ ವರ್ಷ ಬಂದು ನಿಧಾನವಾಗಿ ಮತ್ತೊಮ್ಮೆ ಕೇಳುತ್ತೇನೆ" ಎಂದು ಮಗಳೂ ಸ್ಟೇಷನ್ನಿನಲ್ಲಿ ಹೇಳಿ ಹೋಗಿದ್ದಳು. ಸರಿ, ಅಕ್ಕೋರು ಮೊಬೈಲಿನಲ್ಲಿ ಡಚ್ಚು ಸುದ್ದಿ ಹಚ್ಚಿಕೊಂಡು ಕೂಡತೊಡಗಿದರು. "ಹಾಲೆಂಡಿನ್ಯಾಗ ಇವತ್ತೂ ಮಳಿ ಅಂತಪಾ" ಎಂದು ಚಹಾದ ಹೊತ್ತಿಗೆ ತಮ್ಮನಿಗೆ ವರದಿ ಒಪ್ಪಿಸುತ್ತಿದ್ದರು. ಅಕ್ಕನಿಗೆ ಅರಳುಮರಳೆಂದು ಅವನು ನಗುತ್ತಿದ್ದ.

ಮುಂದಿನ ವರ್ಷ ಬರಲಿಲ್ಲ. ಎದೆನೋವೆಂದು ಸತ್ತೂರಿನ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಅಕ್ಕೋರು ಹೋಗಿಬಿಟ್ಟರು. ಅವರ ಆ ಹಟಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ. ನನಗೆ ಮಾತು ಕಲಿಸಿದವರು, ಅವರಿಗಾಗಿ ನಾನು ಆಡಬೇಕಿದ್ದ ಒಂದು ಮಾತನ್ನು ಆಡಗೊಡಲಿಲ್ಲ.

ಅವಳು ಕೇಳಿದ್ದು ಇಷ್ಟೇ: "ನಿಮ್ಮನ್ನು ನಾನು ಏನೆಂದು ಕರೆಯಲಿ?"

ಸುದ್ದಿ ತಿಳಿಸಲು ಹಾಲೆಂಡಿಗೆ ಫೋನ್ ಮಾಡಿದೆ. ಅಂಗಳದಲ್ಲಿ ಹೆಂಗಸರು ಸತ್ತವರನ್ನು ಕರೆಕರೆದು ಹಾಡಾಡಿಕೊಂಡು ಅಳುತ್ತಿದ್ದದ್ದು ಅವಳಿಗೂ ಕೇಳಿಸಿತು. ಅಳಲಿಕ್ಕೊಂದು ಹೆಸರು ಅವಳೂ ಹುಡುಕುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು. 'ಯವ್ವಾ' ಎಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು, ಆದರೆ ಅದನ್ನು ಕೊಡಬೇಕಾದವರು ಒಳಗೆ ಮಲಗಿದ್ದರು. ಆಮೇಲೆ ಅವಳು ಆ ಮನೆಯಲ್ಲಿ ಎಲ್ಲರ ಬಾಯಲ್ಲಿ ಕೇಳಿದ್ದ ಒಂದೇ ಹೆಸರು ಹಿಡಿದು ಅತ್ತಳು.

"ಅಕ್ಕೋರು" ಎಂದಳು. "ಅಕ್ಕೋರು."