ಓರ್ಮಿಂದುವಿನ ದನಿ ಮತ್ತು ಕಚ್ಚುವ ನಲ್ಲಿ

ನಮ್ಮೂರ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸು ಕೂಗುತ್ತಿದ್ದವನು ಓರ್ಮಿಂದು. ಆತ "ಬೆಲೊ ಹೊರಿಜಾಂಟೆಗೆ ಹೊರಡುವ ಮಾನ್ಯ ಪ್ರಯಾಣಿಕರೇ" ಎಂದು ಶುರು ಮಾಡಿದರೆ, ಎಲ್ಲಿಗೂ ಹೋಗುವ ಕೆಲಸವಿಲ್ಲದವರೂ ಎದ್ದು ನಿಂತು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಸೋತ ದಿನವೂ ಆ ದನಿ ನಡುಗಿರಲಿಲ್ಲ. ಆಮೇಲೆ ಯಂತ್ರದಿಂದ ಮಾತಾಡುವ ಒಬ್ಬ ಹುಡುಗಿಯ ದನಿ ಬಂತು. ಓರ್ಮಿಂದುವಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು.

ಕೆಲಸ ಹೋದರೂ ದನಿ ಹೋಗಲಿಲ್ಲವಲ್ಲ, ಅದೇ ತೊಂದರೆಯಾಯಿತು. ಮನೆಯಲ್ಲಿ ಹುರುಳಿಯ ಸಾರು ಕುದಿದರೂ ಘೋಷಣೆ, ಬಾಗಿಲಿಗೆ ಅಂಚೆ ಬಂದರೂ ಘೋಷಣೆ. "ಈ ಮನುಷ್ಯನಿಗೆ ಒಂದು ಬಸ್ಸಾದರೂ ಕೊಡಿಸ್ರೋ" ಎಂದು ಹೆಂಡತಿ ಕ್ಲಿಯೊನಿಸಿ ಬೇಲಿಯಾಚೆಯಿಂದ ನನ್ನ ಹತ್ತಿರ ಗೋಗರೆಯುತ್ತಿದ್ದಳು.

ಕೊನೆಗೆ ಸಿಕ್ಕಿದ್ದು ಮೊಟ್ಟೆಯ ವ್ಯಾನು. ಬೀದಿಬೀದಿಗೆ ಮೊಟ್ಟೆ ಮಾರುವ ಅದೌತೊನ ವ್ಯಾನಿನ ಮೇಲೆ ಎರಡು ಸ್ಪೀಕರುಗಳಿದ್ದವು; ಅದರಲ್ಲಿ ಕೂಗುವ ಹಳೆಯ ಧ್ವನಿಮುದ್ರಣ ಸವೆದು, ಗಂಟಲು ಕಟ್ಟಿದ ಹುಂಜದಂತೆ ಕೇಳುತ್ತಿತ್ತು. ಮುಂದಿನ ವಾರದ ಶುಕ್ರವಾರದೊಳಗೆ ಹೊಸ ಮುದ್ರಣ ಕೊಟ್ಟು ಅದು ಚೆನ್ನಾಗಿದ್ದರೆ, ಗ್ಯಾಸ್ ಗಾಡಿ, ಐಸ್‌ಕ್ರೀಮ್ ಗಾಡಿ, ಚಾಪೆ ಮಾರುವವನ ಗಾಡಿ, ಎಲ್ಲದಕ್ಕೂ ಓರ್ಮಿಂದುವಿನದೇ ದನಿ ಎಂದು ಅದೌತೊ ಮಾತು ಕೊಟ್ಟ. ಇಡೀ ಊರು ತನ್ನ ದನಿಯಿಂದಲೇ ಎಚ್ಚರಗೊಳ್ಳುವ ದಿನವನ್ನು ಓರ್ಮಿಂದು ಆಗಲೇ ಕಂಡುಬಿಟ್ಟ.

"ಒಂದೇ ನಿಮಿಷದ ಮಾತು ಅಣ್ಣ, ಫೋನಲ್ಲೇ ಹೇಳಿ ಕಳ್ಸಿಬಿಡು" ಎಂದ ಅದೌತೊ.

"ಫೋನಲ್ಲಾ?" ಓರ್ಮಿಂದು ಎದೆ ಮುಟ್ಟಿಕೊಂಡ. "ಚಡ್ಡಿ ಜೇಬಲ್ಲಿ ಹಿಡಿಯೋ ಪೆಟ್ಟಿಗೇಲಿ ನನ್ನ ದನಿ ಹಿಡಿಯುತ್ತೇನಯ್ಯಾ?"

ಹಾಗಾಗಿ ಕಂಪ್ಯೂಟರ್ ಬಂತು. ಬಂತು ಎನ್ನುವುದಕ್ಕಿಂತ ಕಟ್ಟಲ್ಪಟ್ಟಿತು ಎನ್ನಬೇಕು. ಬಿಡಿ ಭಾಗಗಳನ್ನು ತರಿಸಿ, ಊಟದ ಮೇಜಿನ ಮೇಲೆ ಹರಡಿ, ಓರ್ಮಿಂದು ತಾನೇ ಜೋಡಿಸಿದ. ನಮ್ಮ ಬೀದಿಯಲ್ಲಿ ಹೊಸ ಸಾಮಾನು ಬಂದರೆ ಮೊದಲ ಕೆಲಸ, ಪ್ಲಗ್ಗಿನ ಮೂರನೇ ಕಡ್ಡಿಯನ್ನು, ಅಂದರೆ ಅರ್ತಿನ ಕಡ್ಡಿಯನ್ನು, ಇಕ್ಕಳದಲ್ಲಿ ಮುರಿಯುವುದು. ಹಳೆಯ ಗೋಡೆಗಳಲ್ಲಿ ಇರುವುದು ಎರಡೇ ತೂತು. ನಾನು ಇಕ್ಕಳ ತಂದಾಗ ಓರ್ಮಿಂದು ನನ್ನನ್ನು ಕಾಡುಮನುಷ್ಯನನ್ನು ನೋಡುವಂತೆ ನೋಡಿದ. ಮೂರು ತೂತಿನ ಹೊಸ ಸಾಕೆಟ್ಟು ಹಾಕಿದ. ಸೋರುವ ಕರೆಂಟನ್ನು ನೆಲಕ್ಕಿಳಿಸಬೇಕಾದ ಅದರ ಹಸಿರು ತಂತಿಯನ್ನು ಚಾವಣಿಯ ಮೇಲಿಂದ ಎಳೆದು, ಬಚ್ಚಲಿನಲ್ಲಿ ಕರೆಂಟಿನಿಂದಲೇ ನೀರು ಕಾಯಿಸುವ ಶವರಿನಿಂದ ಬಂದಿದ್ದ ಇನ್ನೊಂದು ಹಸಿರು ತಂತಿಗೆ ಹೊಸೆದು, ಟೇಪು ಸುತ್ತಿದ.

"ಹಸಿರಿಗೆ ಹಸಿರು," ಎಂದ ಏಣಿಯ ಮೇಲಿನಿಂದ. "ನಿಯಮ ಅಂದ್ರೆ ನಿಯಮ. ಈ ಬೀದೀಲಿ ಅರ್ತ್ ಇರೋದು ನಮ್ಮನೇಲಿ ಮಾತ್ರ, ತಿಳ್ಕೊ."

ಕಂಪ್ಯೂಟರ್ ಚೆನ್ನಾಗಿಯೇ ನಡೆಯಿತು. ಕ್ಲಿಯೊನಿಸಿ ಇಸ್ಪೀಟು ಆಡಿದಳು, ನಾನು ಫುಟ್ಬಾಲ್ ನೋಡಿದೆ. ಆದರೆ ಓರ್ಮಿಂದು ಟೀವಿ, ರೇಡಿಯೊ ಆರಿಸಿ ಮೈಕಿನ ಮುಂದೆ ಕುಳಿತು, "ಗಮನಿಸಿ, ಗಮನಿಸಿ! ಈ ಬಡಾವಣೆಯ ಮಾನ್ಯ ನಿವಾಸಿಗಳೇ, ತಮ್ಮ ಮನೆಬಾಗಿಲಿಗೆ ಇದೀಗ ಆಗಮಿಸುತ್ತಿರುವ" ಎನ್ನುತ್ತಿದ್ದಂತೆ ಪರದೆ ಕಪ್ಪಾಯಿತು. ಯಂತ್ರ ಆರಿ, ತಾನಾಗಿಯೇ ಮತ್ತೆ ಶುರುವಾಯಿತು. ಆಡಿದ್ದೆಲ್ಲ ಅಳಿಸಿಹೋಗಿತ್ತು.

ಆಮೇಲೆ ದಿನವೂ ಅದೇ ಗತಿ. ಕೆಲವೊಮ್ಮೆ "ಮಾನ್ಯ"ಕ್ಕೆ, ಕೆಲವೊಮ್ಮೆ "ಆಗಮಿಸುತ್ತಿರುವ"ಕ್ಕೆ. ಮೊಟ್ಟೆಯವರೆಗೆ ಒಮ್ಮೆಯೂ ತಲುಪಲಿಲ್ಲ. ಓರ್ಮಿಂದು ಮೆಮೊರಿ ಪಟ್ಟಿಗಳನ್ನು ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದ. ಪವರ್ ಸಪ್ಲೈ ಬದಲಾಯಿಸಿದ. ಎಲ್ಲ ಅಳಿಸಿ ಹೊಸದಾಗಿ ತುಂಬಿದ. ಹೊತ್ತುಕೊಂಡು ಹೋಗಿ ಅಂಗಡಿಯಲ್ಲಿ ಬಿಟ್ಟ. ಅಲ್ಲಿ ಅದು ಹಗಲಿಡೀ ಒಮ್ಮೆಯೂ ಆರದೆ ಓಡಿತು. ಮನೆಗೆ ತಂದು "ಗಮನಿಸಿ" ಎಂದ. ಕಪ್ಪು.

ಅದೌತೊ ಬಂದು ಕೇಳಿದ: "ಅಣ್ಣ, ಮೊಟ್ಟೆ ಯಾವಾಗ ಬರುತ್ತೆ?"

"ಪೀಠಿಕೆ ಮುಗೀಬೇಕಲ್ಲಯ್ಯಾ."

"ನಿನ್ನ ಪೀಠಿಕೆ ಕೇಳಿ ಆ ಪೆಟ್ಟಿಗೇನೇ ಮೂರ್ಛೆ ಹೋಗ್ತಿದೆ. ಶುಕ್ರವಾರ ಬೆಳಿಗ್ಗೆ ಬರ್ತೀನಿ. ಆಗಲಿಲ್ಲ ಅಂದ್ರೆ ನನ್ನ ನಾದಿನಿ ಕೂಗ್ತಾಳೆ, ಬೇಜಾರು ಮಾಡ್ಕೋಬೇಡ."

ನಾದಿನಿಯ ಮಾತು ಓರ್ಮಿಂದುವಿನ ಎದೆಗೆ ನಾಟಿತು. ಗದ್ದಲವೇ ಯಂತ್ರವನ್ನು ಕೆಡಿಸುತ್ತಿದೆ ಎಂದು ತೀರ್ಮಾನಿಸಿ, ಮನೆಯಲ್ಲಿ ಮೊದಲ ದಿನದಿಂದಲೂ ಇದ್ದ ಕರ್ಫ್ಯೂವನ್ನು ಇನ್ನೂ ಬಿಗಿ ಮಾಡಿದ. ಅವನು ಮೈಕಿನ ಮುಂದೆ ಕುಳಿತರೆ ಟೀವಿ ಇಲ್ಲ, ಮಿಕ್ಸಿ ಇಲ್ಲ, ರೇಡಿಯೊದ ಜಪಮಾಲೆ ಪ್ರಾರ್ಥನೆಯೂ ಇಲ್ಲ. ಈ ಕೊನೆಯದು ಅತ್ತೆ ದೋನಾ ಜಂದೀರಾಗೆ ಬಿದ್ದ ಪೆಟ್ಟು. ತೊಂಬತ್ತರ ಹತ್ತಿರದ ಮುದುಕಿ, ಮಗಳ ಮನೆಯಲ್ಲೇ ಇದ್ದರು. ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

"ಜಪ ಇಲ್ಲ, ಟೀವಿ ಇಲ್ಲ, ನಾನೇನು ಗೋಡೆ ನೋಡ್ತಾ ಕೂರ್ಲಾ? ಸ್ನಾನಕ್ಕಾದ್ರೂ ಹೋಗ್ತೀನಿ, ಈ ಜೂನ್ ಚಳಿಗಾಲದಲ್ಲಿ ಬೆಚ್ಚಗಿರುತ್ತೆ," ಎಂದು ಟವೆಲು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಬಾಗಿಲು ಹಾಕುವ ಮುನ್ನ ಒಂದು ಮಾತು: "ಆ ನಲ್ಲಿ ನನ್ನ ಕಚ್ಚುತ್ತೆ ಕಣೋ ಓರ್ಮಿಂದು. ನೀನು ಆ ಪೆಟ್ಟಿಗೆ ಕಟ್ಟಿದಾಗಿಂದ ಕಚ್ಚುತ್ತೆ."

"ಅದು ನರ, ಅತ್ತೆ. ವಯಸ್ಸಿಗೆ ನರ ಜುಮ್ಮೆನ್ನುತ್ತೆ. ದಯವಿಟ್ಟು ನಿಶ್ಶಬ್ದ!"

"ನರ ನಲ್ಲಿ ಮುಟ್ಟಿದಾಗ ಮಾತ್ರ ಜುಮ್ಮೆನ್ನುತ್ತೇನೋ, ಮೂರ್ಖ?"

ಶುಕ್ರವಾರ ಬೆಳಿಗ್ಗೆ ಸಾಕ್ಷಿಯಾಗಿರಲೆಂದು ನನ್ನನ್ನೂ ಕರೆದಿದ್ದ. ಕ್ಲಿಯೊನಿಸಿ ಕಾಫಿ, ಚೀಸಿನ ಬನ್ನು ತಂದಿಟ್ಟು, ಬೆರಳು ತುಟಿಗಿಟ್ಟುಕೊಂಡು ನಿಂತಳು. ಓರ್ಮಿಂದು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿ, ಬರಿಗಾಲಲ್ಲಿ ತಣ್ಣನೆಯ ನೆಲದ ಮೇಲೆ ನಿಂತೇ ಮುದ್ರಿಸುತ್ತೇನೆಂದ. ನಿಂತರೆ ದನಿ ಹೊಟ್ಟೆಯಿಂದ ಬರುತ್ತದಂತೆ. ಮನೆ ಸ್ತಬ್ಧ. ಬಚ್ಚಲಿನಲ್ಲಿ ಶವರು ಸುಯ್ಯೆಂದಿತು.

"ಗಮನಿಸಿ, ಗಮನಿಸಿ! ಈ ಬಡಾವಣೆಯ ಮಾನ್ಯ..." ಎನ್ನುತ್ತಾ ಲೋಹದ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಬಂದ.

"ಅಯ್ಯೋ!" ಎಂದು ಕೂಗಿ ಹಿಂದಕ್ಕೆ ಹಾರಿದ.

"ಅಯ್ಯೋ!" ಎಂದು ಅದೇ ಗಳಿಗೆಗೆ ಬಚ್ಚಲಿನಿಂದಲೂ ಕೂಗು ಬಂತು.

ಪರದೆ ಕಪ್ಪಾಯಿತು. ನನಗೆ ನಗು ಬಂತು. ಓರ್ಮಿಂದುವಿನ ಮುಖ ನೋಡಿ ನಗು ಅಲ್ಲೇ ಒಣಗಿತು. ತುಟಿ ಹಿಡಿದುಕೊಂಡು ಆತ ಚಾವಣಿ ನೋಡುತ್ತಿದ್ದ. ಎರಡು ಹಸಿರು ತಂತಿ ಸೇರಿದ ಜಾಗ.

"ಅತ್ತೆ, ಏನನ್ನೂ ಮುಟ್ಟಬೇಡಿ!" ಎಂದು ಕಿರುಚುತ್ತಾ ಓಡಿಹೋಗಿ ಮನೆಯ ಮೇನ್ ಸ್ವಿಚ್ಚು ಕೆಳಗೆ ಎಳೆದ. ನಿಲ್ದಾಣದ ದನಿಯಲ್ಲ ಅದು, ನಾನು ಹಿಂದೆಂದೂ ಕೇಳದ ದನಿ.

ಮುದುಕಿ ಟವೆಲು ಸುತ್ತಿಕೊಂಡು, ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೊರಬಂದರು. ಕಚ್ಚಲು ಶುರುವಾದಾಗಿನಿಂದ ಚಪ್ಪಲಿ ಹಾಕಿಯೇ ಸ್ನಾನ ಮಾಡುತ್ತಿದ್ದರಂತೆ. ಇವತ್ತು ಮೊಣಕೈ ಒದ್ದೆ ಗೋಡೆಗೆ ತಾಗಿತ್ತು.

ಓರ್ಮಿಂದು ಏಣಿ ಹತ್ತಿ ಟೇಪು ಬಿಚ್ಚಿದ. ಶವರಿನ ಹಸಿರು ತಂತಿ ಸಾಕೆಟ್ಟಿನ ಹಸಿರು ತಂತಿಗೆ ಸೇರಿತ್ತು. ಅಲ್ಲಿಂದ ಮುಂದೆ? ಮುಂದೆ ಏನೂ ಇರಲಿಲ್ಲ. ಎರಡು ತಂತಿಗಳೂ ಒಂದರ ಕೈ ಒಂದು ಹಿಡಿದು ಗಾಳಿಯಲ್ಲಿ ನಿಂತಿದ್ದವು; ನೆಲಕ್ಕೆ ಇಳಿದೇ ಇರಲಿಲ್ಲ. ಹಳೆಯ ಶವರು ನೀರು ಕಾಯಿಸುವಾಗ ಸೋರುತ್ತಿದ್ದ ಕರೆಂಟು ಆ ತಂತಿಯಲ್ಲಿ ನೇರ ಕಂಪ್ಯೂಟರಿಗೆ ಬರುತ್ತಿತ್ತು, ಕಂಪ್ಯೂಟರಿನಲ್ಲಿ ಸೋರಿದ್ದು ಅದೇ ತಂತಿಯಲ್ಲಿ ಶವರಿಗೆ, ನೀರಿಗೆ, ನಲ್ಲಿಗೆ ಹೋಗುತ್ತಿತ್ತು. ಮನೆ ನಿಶ್ಶಬ್ದವಾದಾಗಲೆಲ್ಲ ಮುದುಕಿ ಸ್ನಾನಕ್ಕೆ ಹೋಗುತ್ತಿದ್ದರು, ಮುದುಕಿ ಸ್ನಾನಕ್ಕೆ ಹೋದಾಗಲೆಲ್ಲ ಯಂತ್ರ ಆರುತ್ತಿತ್ತು.

"ಚಪ್ಪಲಿ ಇಲ್ದಿದ್ರೆ?" ಎಂದಳು ಕ್ಲಿಯೊನಿಸಿ. ಓರ್ಮಿಂದು ಏಣಿಯಿಂದ ಇಳಿದ. ಕಾಫಿ ಆರಿತ್ತು.

ಅಷ್ಟರಲ್ಲಿ ವ್ಯಾನಿನ ಸದ್ದು. ಅದೌತೊ ಬಾಗಿಲಲ್ಲಿ ನಿಂತು ಕೈಗಡಿಯಾರ ತಟ್ಟಿದ. ಕ್ಲಿಯೊನಿಸಿ ಗಂಡನನ್ನು ನೋಡಿದಳು. "ಅಮ್ಮ ಹೊರಗಿದ್ದಾಳಲ್ಲ. ಶವರಿನ ತಂತಿ ಬಿಚ್ಚಿಟ್ಟು, ಆ ಪೆಟ್ಟಿಗೆ ಹಚ್ಚಿ ಒಂದ್ಸಲ ಹೇಳಿಬಿಡು. ಒಂದೇ ನಿಮಿಷ."

"ಫೋನಾದ್ರೂ ಸರಿ, ಇಲ್ಲೇ ಹೇಳು," ಎಂದು ಅದೌತೊ ತನ್ನ ಫೋನನ್ನೇ ಆತನ ಬಾಯಿಗೆ ಹಿಡಿದ.

ಓರ್ಮಿಂದು ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಅತ್ತೆಯ ಒದ್ದೆ ಚಪ್ಪಲಿಗಳನ್ನು ನೋಡಿದ, ಮತ್ತೆ ಬಾಯಿ ತೆರೆದ. ಅಷ್ಟು ವರ್ಷ ಇಡೀ ನಿಲ್ದಾಣವನ್ನು ಎಬ್ಬಿಸಿದ ಗಂಟಲಿನಿಂದ ಬೆಕ್ಕಿನ ಮರಿಯ ಸದ್ದಿನಂಥದ್ದೇನೋ ಹೊರಟಿತು. ಅದೌತೊ ಫೋನು ಜೇಬಿಗಿಟ್ಟುಕೊಂಡು, ಆತನ ಹೆಗಲು ತಟ್ಟಿ ಹೊರಟುಹೋದ.

ಆ ಮಧ್ಯಾಹ್ನ ನಾನೂ ಅವನೂ ಹಿತ್ತಲಲ್ಲಿ ತಾಮ್ರದ ಉದ್ದನೆಯ ಸರಳನ್ನು ಸುತ್ತಿಗೆಯಿಂದ ನೆಲಕ್ಕೆ ಹೊಡೆದು, ಹಸಿರು ತಂತಿಗಳನ್ನು ಅದಕ್ಕೆ ಕಟ್ಟಿದೆವು. ಹಳೆಯ ಶವರು ಕಸಕ್ಕೆ ಹೋಯಿತು, ಹೊಸದು ಬಂತು. ಬೀದಿಯ ಅರ್ಧ ಜನ ಬೇಲಿಗೆ ಆತುಕೊಂಡು ನೋಡಿದರು. ಓರ್ಮಿಂದು ಯಾರಿಗೂ ಉಪನ್ಯಾಸ ಕೊಡಲಿಲ್ಲ. ಹಾಗಾಗಿ ಅವನಿಗೆ ಮೈ ಹುಷಾರಿಲ್ಲವೆಂದೇ ಎಲ್ಲರೂ ತಿಳಿದರು.

ಈಗ ವ್ಯಾನು ನಾದಿನಿಯ ದನಿಯಲ್ಲಿ ಬರುತ್ತದೆ. "ಮೊಟ್ಟೆ! ಮೊಟ್ಟೆ!" ಎಂದು ನೇರ ಶುರು.

"ಪೀಠಿಕೆಯೇ ಇಲ್ಲ," ಎಂದು ಓರ್ಮಿಂದು ಕಿಟಕಿಯಲ್ಲಿ ಮೆಲ್ಲಗೆ ಹೇಳುತ್ತಾನೆ. ದೋನಾ ಜಂದೀರಾ ಆ ವ್ಯಾನಿನಿಂದ ಮೊಟ್ಟೆ ಕೊಳ್ಳುವುದಿಲ್ಲ. ಮೊಣಕಾಲು ನೋಯುತ್ತಿದ್ದರೂ ಸಂತೆಗೇ ಹೋಗುತ್ತಾರೆ. ಕಾರಣ ಕೇಳಿದರೆ ಅವನ ಮೊಟ್ಟೆ ಚಿಕ್ಕದು ಎನ್ನುತ್ತಾರೆ.

ಮೊನ್ನೆ ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದೆ. ಆಚೆ ಬಚ್ಚಲಲ್ಲಿ ಓರ್ಮಿಂದು ಟೆಸ್ಟರು ಹಿಡಿದು ನಲ್ಲಿ, ಶವರು, ಗೋಡೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದ. ದಿನವೂ ಹಾಗೆ ಮಾಡುತ್ತಾನಂತೆ. ಮುದುಕಿ ಟವೆಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು.

"ಮುಗೀತೇನೋ?"

ಆತ ಗಂಟಲು ಸರಿಮಾಡಿಕೊಂಡ. "ಗಮನಿಸಿ," ಎಂದ, ಸ್ವಲ್ಪ ಒಡೆದ ದನಿಯಲ್ಲಿ. "ಸ್ನಾನಕ್ಕೆ ಹೊರಡುವ ಮಾನ್ಯ ಪ್ರಯಾಣಿಕರೇ..."

"ಜೋರಾಗಿ ಹೇಳೋ," ಎಂದರು ದೋನಾ ಜಂದೀರಾ. "ನನಗೆ ಕಿವಿ ಮಂದ."